ಬಿಲ ತೋರಿಸು

ನನ್ನ ತಂಗಿ ಬಟ್ಟೆ ಹೊಲಿಯುವವಳು. ಅವಳ ಯಂತ್ರದ ಹಿಂದಿನ ಗೋಡೆಯುದ್ದಕ್ಕೂ ಗಾಜಿನ ಭರಣಿಗಳು. ಒಂದೊಂದರಲ್ಲೂ ಒಂದೊಂದು ಟರಾಂಟುಲಾ, ಅಂಗೈಯಗಲದ ರೋಮದ ಜೇಡ. ಸಾಕುವ ಹುಚ್ಚಿನವರು ಹುಡುಕಿಕೊಂಡು ಬರುತ್ತಾರೆ. ಎಲ್ಲವೂ ಆ ಕೋಣೆಯಲ್ಲೇ ಮೊಟ್ಟೆಯೊಡೆದು ಹೊರಬಂದವು. ಸಾಸಿವೆಯಷ್ಟಿದ್ದಾಗಿನಿಂದ ಜೇಡ ಕಳಚಿದ ಪೊರೆಗಳನ್ನು ಅವಳು ಬಟ್ಟೆಯ ಪಟ್ಟಿಯೊಂದಕ್ಕೆ ಸಾಲಾಗಿ ಹೊಲಿದು, ಮಾರುವಾಗ ಜೇಡದ ಜೊತೆಗೇ ಕೊಡುತ್ತಾಳೆ. ಮನೆಯಲ್ಲೇ ಹುಟ್ಟಿದ್ದು ಎಂಬುದಕ್ಕೆ ಅದೇ ಅವಳ ರುಜು. ಆ ರುಜು ಸುಳ್ಳಾದರೆ ಅವಳ ಭರಣಿಗಳನ್ನು ಮೂಸಿ ನೋಡುವವರೂ ಇರುವುದಿಲ್ಲ.

ಅವಳ ಮೈದುನನದು ಬೇರೆ ದಾರಿ. ಗುಡ್ಡ ಹತ್ತಿ, ಹಾರೆಯಿಂದ ಬಿಲ ಅಗೆದು, ಸಿಕ್ಕಿದ್ದನ್ನು ಡಬ್ಬಿಗೆ ತುಂಬುವ ಸೋಮಾರಿ. ಅರ್ಧಕ್ಕರ್ಧ ದಾರಿಯಲ್ಲೇ ಸಾಯುತ್ತವೆ. ಬಿತ್ತದೆ ಕೊಯ್ಯುವವನಿಗೆ ಹೊಲದ ಚಿಂತೆ ಎಲ್ಲಿಂದ ಬರಬೇಕು?

ಒಂದು ದಿನ ಅವಳು ಗುಂಡಿ, ದಾರ ತರಲು ಹೋದಾಗ ಈ ಪುಣ್ಯಾತ್ಮ ಗುಡ್ಡದ ಹೆಣ್ಣುಜೇಡವೊಂದನ್ನು ಖಾಲಿ ಭರಣಿಗೆ ಇಳಿಸಿ, ಪಕ್ಕದ ಭರಣಿಯ ಪಟ್ಟಿ ಕಿತ್ತು ಇದಕ್ಕೆ ಕಟ್ಟಿ, ಗಿರಾಕಿಯನ್ನೂ ಕರೆಸಿದ. ಅವಳು ಮರಳುವಷ್ಟರಲ್ಲಿ ಆ ಗಿರಾಕಿ, ಗಡಿಯಾರ ರಿಪೇರಿಯವನು, ಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದಿದ್ದ.

"ಅಕ್ಕಾ, ಕೊನೇ ಪೊರೆ ಜೇಡಕ್ಕಿಂತ ದೊಡ್ಡದಿದೆಯಲ್ಲ? ಅಂಗಿ ಬಿಚ್ಚಿದ ಮೇಲೆ ಮೈ ಕುಗ್ಗುತ್ತಾ?"

ಕದಿಯಲು ಕಲಿತವನು ಅಳತೆ ಕಲಿತಿರಲಿಲ್ಲ, ಅದೂ ದರ್ಜಿಯ ಮನೆಯಲ್ಲಿ.

"ಅತ್ತಿಗೆ, ನಿಮ್ಮದೇ ಅಂದ್ಬಿಡಿ. ಮನೆ ಮರ್ಯಾದೆ," ಎಂದು ಮೈದುನ ಪಿಸುಗುಟ್ಟಿದ. ಒಳಗಿನಿಂದ ಅವಳ ಗಂಡ ಕೆಮ್ಮಿದ. ತಮ್ಮನ ಪರವಾದ ಕೆಮ್ಮು.

"ಇದು ನಂದಲ್ಲಪ್ಪ," ಎಂದಳು ತಂಗಿ ಗಿರಾಕಿಗೆ. "ಗುಡ್ಡದಿಂದ ಕಿತ್ಕೊಂಡು ಬಂದಿದ್ದು. ಪಟ್ಟಿ ನಂದು, ಕಳ್ಳ ನಮ್ಮವನು."

ಗಿರಾಕಿ ಬರಿಗೈಯಲ್ಲಿ ಹೋದ.

"ಒಂದು ಹುಳಕ್ಕೋಸ್ಕರ ಸಂಬಂಧ ಕಡ್ಕೋತೀರಾ?" ಮೈದುನ ಕಿರುಚಿದ.

"ಕಡ್ಕೊಳ್ಳಲ್ಲ ಕಣೋ. ಇದನ್ನ ಯಾವ ಬಿಲದಿಂದ ಎಳೆದ್ಯೋ ಅದನ್ನ ತೋರಿಸು, ಬಿಟ್ಟು ಬರೋಣ. ಅಲ್ಲೀತನಕ ಈ ಹೊಸಿಲು ದಾಟಿ ಒಳಗೆ ಬರ್ಬೇಡ."

ಅವನು ಚಪ್ಪಲಿ ಮೆಟ್ಟಿ ಹೊರಟ. ಹಾರೆ ಬಿದ್ದ ಕಡೆ ಬಿಲ ಎಲ್ಲಿ ಉಳಿದೀತು?

ಗಡಿಯಾರದವನು ಮುಂದೊಂದು ದಿನ ಬಂದು ಬೇರೆ ಜೇಡ ಒಯ್ದ, ಆದರೆ ಪಟ್ಟಿಯನ್ನು ಅಳೆದೇ ಒಯ್ದ. ಅದು ತಂಗಿಗೆ ಇನ್ನೂ ಚುಚ್ಚುತ್ತದೆ. ಮೈದುನ ಇವತ್ತಿಗೂ ಬಂದರೆ ಬಾಗಿಲಾಚೆಯೇ ನಿಲ್ಲುತ್ತಾನೆ, ಅಣ್ಣನೇ ಹೊರಗೆ ಹೋಗಿ ಮಾತಾಡಿಸಬೇಕು. ಗುಡ್ಡದ ಜೇಡ ಮಾತ್ರ ಒಳಗಿದೆ, ಪಟ್ಟಿಯಿಲ್ಲದ ಭರಣಿಯಲ್ಲಿ. ಅದು ಮಾರಾಟಕ್ಕಿಲ್ಲ.