ಕೌದಿಯೊಳಗಿನ ನೀಲಿ ಎಲೆ

1998ರಲ್ಲಿ ಗುತ್ತೂರಿನ ನಾಗರತ್ನಮ್ಮ ಹರಿಹರದ ಒಂದು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮೇಜಿನ ಕೆಳಗಿನ ಚಿಂದಿ ಗುಡಿಸುತ್ತಿದ್ದರು. ಅಲ್ಲಿ ಹೊಲಿದ ಅಂಗಿಗಳು ಹೊರದೇಶದ ಕಂಪನಿಯೊಂದಕ್ಕೆ ಹೋಗುತ್ತಿದ್ದವು. ಬಟ್ಟೆಯ ಮೇಲಿನ ಚಿತ್ರ ಆ ಕಂಪನಿಯ ಸ್ವತ್ತು. ಕಂಪನಿಯ ಅಂಗಡಿಗೆ ಬರುವ ಮೊದಲು ಅದು ಯಾರ ಕಣ್ಣಿಗೂ ಬೀಳಬಾರದು. ಹಾಗಾಗಿ ಅಂಗೈಯಗಲದ ಚಿಂದಿಯನ್ನೂ ಹಿತ್ತಲಿನ ಗುಂಡಿಯಲ್ಲಿ ಸುಡಬೇಕಿತ್ತು. ಸುಡುವ ಕೆಲಸವೂ ನಾಗರತ್ನಮ್ಮನದೇ.

ಚಿಂದಿ ಜೋಡಿಸಿ ಕೌದಿ ಹೊಲಿಯುವ ಮನೆಯಲ್ಲಿ ಬೆಳೆದವರಿಗೆ ಇದು ಸುಲಭವಲ್ಲ. ಮಗಳು ಆಶಾ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನೀಲಿ ಎಲೆಗಳ ಚಿತ್ರವಿದ್ದ ಮೆತ್ತನೆಯ ಬಟ್ಟೆಯನ್ನು ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ. ದಿನಕ್ಕಿಷ್ಟು ಚಿಂದಿ ಬುತ್ತಿಗಂಟಿನಲ್ಲಿ ಮನೆಗೆ ಬಂತು, ಕೂಸಿಗೆ ಕೌದಿಯಾಯಿತು. ಕೊನೆಯ ಮೂಲೆ ಮುಚ್ಚುವ ಮುನ್ನ ಅವರ ಮನೆಯ ರೂಢಿಯಂತೆ ಒಳಗೊಂದು ರೊಟ್ಟಿ ಚೂರು ಇಟ್ಟರು. ಹೀಗೆ ಹೊಟ್ಟೆ ತುಂಬಿಸಿದ ಕೌದಿಯನ್ನು ಮತ್ತೆ ಬಿಚ್ಚುವಂತಿಲ್ಲ, ಸುಡುವಂತಿಲ್ಲ. ಹಾಗೆ ಮಾಡಿದರೆ ಅದರಲ್ಲಿ ಮಲಗಿದ ಕೂಸಿಗೆ ಕೇಡು.

ಕೂಸು ಹುಟ್ಟಿ ತಿಂಗಳಾಗುವಷ್ಟರಲ್ಲಿ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಅದೇ ನೀಲಿ ಎಲೆಯ ಅಂಗಿ ಕಾಣಿಸಿಕೊಂಡಿತು. ಸೂಪರ್‌ವೈಸರ್ ಹಾಲಸ್ವಾಮಿ ಎಲ್ಲರನ್ನೂ ಕರೆದು ನಿಲ್ಲಿಸಿದರು.

“ಡಿಸೈನ್ ಇಲ್ಲಿಂದಾನೇ ಹೊರಗ್ ಹೋಗೈತೆ ಅಂತಾರೆ. ಕಂಪನಿಯೋರು ಮನೆ ಮನೆ ನೋಡ್ತಾರೆ. ತುಣುಕು ಸಿಕ್ರೂ ಪೊಲೀಸ್ ಕೇಸು. ನಾಗರತ್ನಮ್ಮಾರೇ, ನಿಮಗೇನ್ ಬಿಡ್ರಿ, ಬೂದಿ ಮಾಡೋರು!”

ಎಲ್ಲರೂ ನಕ್ಕರು. ನಾಗರತ್ನಮ್ಮನೂ ನಕ್ಕರು.

ಮನೆಗೆ ಬಂದರೆ ಕೌದಿ ಬೀದಿ ಕಡೆಯ ಹಗ್ಗದ ಮೇಲಿತ್ತು.

“ಆಶಾ, ಒಳಗ್ ತಗಿಯೇ ಅದನ್ನ!”

“ಉಚ್ಚೆ ಹೊಯ್ದಾನೆ ಕಣವ್ವಾ, ಒಣಗ್ಲಿ.”

“ನನ್ನ ಜೈಲಿಗೆ ಕಳಿಸ್ತೀಯೇನೇ?”

ವಿಷಯ ತಿಳಿದ ಮಗಳು ದನಿ ತಗ್ಗಿಸಿದಳು. “ಬಿಚ್ಚಿ ಒಲೆಗೆ ಹಾಕು ಹಂಗಾದ್ರೆ.”

“ಬಾಯ್ ಮುಚ್ಚು. ಕೂಸು ಮಲಗಿದ್ದು ಅದು.”

ನಾಗರತ್ನಮ್ಮ ತಮ್ಮ ಹಳೇ ಸೀರೆ ಹರಿದು ಕೌದಿಯ ಮೇಲೆ ಹೊಲಿಯತೊಡಗಿದರು. ಬೀದಿಯಲ್ಲಿ ಮೋಟಾರು ಸದ್ದಾದರೆ ಸೂಜಿ ನಿಲ್ಲುತ್ತಿತ್ತು. ಮೇಲ್ಬದಿ ಮುಗಿದು ಕೆಳಬದಿ ಅರ್ಧವಾಗಿದ್ದಾಗ ಹಾಲಸ್ವಾಮಿ ಕಂಪನಿಯವನೊಬ್ಬನ ಜೊತೆ ಬಾಗಿಲಿಗೆ ಬಂದರು. ಆಶಾ ಕೂಸನ್ನು ಸೂಜಿ ಚುಚ್ಚಿದ್ದ ಕೌದಿಯ ಮೇಲೇ ಮಲಗಿಸಿದಳು; ಸೂಜಿ ತೆಗೆಯಲೂ ಪುರುಸೊತ್ತಿರಲಿಲ್ಲ.

ಕಂಪನಿಯವನು ಟ್ರಂಕು ತೆಗೆಸಿದ, ಅಟ್ಟ ನೋಡಿದ, ಕೊನೆಗೆ ಕೌದಿಯತ್ತ ಕೈ ತೋರಿಸಿದ.

“ಈಗಷ್ಟೇ ಕಣ್ ಮುಚ್ಚೈತ್ರೀ, ಎಬ್ಬಿಸಬ್ಯಾಡ್ರಿ,” ಎಂದರು ನಾಗರತ್ನಮ್ಮ. ಅವರ ನೋಟ ಕೂಸಿನ ಬೆನ್ನಿನ ಮೇಲಿತ್ತು. ಸೂಜಿ ಎಲ್ಲಿದೆಯೆಂದು ಅವರಿಗೇ ಗೊತ್ತಿರಲಿಲ್ಲ.

“ಬರ್ರಿ ಸಾರ್, ಬಾಣಂತಿ ಮನೆ,” ಎಂದು ಹಾಲಸ್ವಾಮಿ ಅವನನ್ನು ಕರೆದುಕೊಂಡು ಹೋದರು.

ನಾಗರತ್ನಮ್ಮ ಕೂಸನ್ನೆತ್ತಿ ಮೈಯೆಲ್ಲ ತಡವಿದರು. ಸೂಜಿ ಅಂಚಿನಲ್ಲೇ ಇತ್ತು.

ಚಿತ್ರ ಸೋರಿದ್ದು ಬೇರೆ ಊರಿನ ಪ್ರಿಂಟಿಂಗ್ ಮಿಲ್ಲಿನಿಂದ ಎಂಬುದು ಆಮೇಲೆ ಗೊತ್ತಾಯಿತು. ನಾಗರತ್ನಮ್ಮನ ಹೆದರಿಕೆ ಅದರಿಂದ ಹೋಗಲಿಲ್ಲ. ಸೀರೆ ಸವೆದು ನೀಲಿ ಎಲೆ ಇಣುಕಿದಾಗಲೆಲ್ಲ ಮೇಲೊಂದು ತೇಪೆ ಹಾಕಿದರು. ಕೌದಿ ಈಗ ಒಬ್ಬರು ಎತ್ತಲಾಗದಷ್ಟು ಭಾರವಾಗಿದೆ. ಅದನ್ನು ಇವತ್ತಿಗೂ ಬಿಸಿಲಿಗೆ ಹಾಕುವುದಿಲ್ಲ. ಒಳಮನೆಯಲ್ಲಿ ಕದ ಮುಚ್ಚಿ ಒಣಗಿಸುತ್ತಾರೆ.