ಕನ್ನಡಕವಿಲ್ಲದ ವ್ರತಕಥೆ

ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿಯನ್ನು ಕೂರಿಸಿದರೆ ಅರ್ಧ ಸಾಮಾನು ಮಾಯ. ಸ್ಟೂಲು, ಅದರ ಮೇಲೆ ಅಕ್ಕಿ ಡಬ್ಬ, ಅದರ ಮೇಲೆ ಕಳಶ, ಕೈಗಳಿಗೆಂದು ಅಡ್ಡ ಕಟ್ಟಿದ ನನ್ನ ಸ್ಕೇಲು. ಎಲ್ಲವನ್ನೂ ಮುಚ್ಚಿ ಅಮ್ಮನ ರೇಷ್ಮೆ ಸೀರೆ. ಇನ್ನು ಶನಿವಾರ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ.

ಹೋದ ವರ್ಷ ಹಬ್ಬದ ದಿನವೇ ಅಪ್ಪನ ಕನ್ನಡಕ ಕಾಣೆಯಾಯಿತು. ವ್ರತಕಥೆ ಓದುವವರು ಅಪ್ಪ. ಹತ್ತೂವರೆಗೆ ರಾಹುಕಾಲ, ಅಷ್ಟರಲ್ಲಿ ಕಥೆ ಮುಗಿಯದಿದ್ದರೆ ವ್ರತ ಕೆಟ್ಟಂತೆ ಎನ್ನುವುದು ಅಮ್ಮನ ಕಾನೂನು. ಗಂಟೆ ಹತ್ತಾಗಿತ್ತು. ಹತ್ತೂಕಾಲು ಎನ್ನುತ್ತಾಳೆ ಅಕ್ಕ.

"ನೀನೇ ಓದೇ," ಎಂದರು ಅಪ್ಪ.

"ರೀ, ಸಂಕಲ್ಪ ಮಾಡ್ದೋಳು ಕೇಳ್ಬೇಕು. ಓದ್ಬಾರ್ದು."

"ನಾನ್ ಓದ್ತೀನಮ್ಮ," ಎಂದೆ.

"ಬೇಡಪ್ಪಾ, ನೀನು ಇಲ್ದಿದ್ದೆಲ್ಲಾ ಸೇರಿಸ್ತೀಯ."

ಅಕ್ಕ ಅಡುಗೆಮನೆಯಿಂದ ಕೂಗಿದಳು: "ನನ್ ಕೈತುಂಬಾ ಹೂರಣ!"

ಅಪ್ಪ ನೆನಪಿನಿಂದಲೇ ಶುರುಮಾಡಿದರು. ಚಾರುಮತಿ ಬೆಳಿಗ್ಗೆ ಎದ್ದಳು, ಸ್ನಾನ ಮಾಡಿದಳು. ಮುಂದೆ? ಕಥೆ ಹೆಬ್ಬಾಳದ ಟ್ರಾಫಿಕ್ಕಿಗೆ ಸಿಕ್ಕಿತು. ಚಾರುಮತಿ ಮತ್ತೆ ಸ್ನಾನ ಮಾಡಿದಳು.

"ಎಷ್ಟ್ ಸಲ ರೀ ಸ್ನಾನ ಮಾಡಿಸ್ತೀರ? ನೆಗಡಿ ಆಗುತ್ತೆ ಅವ್ಳಿಗೆ! ಕನಸು ಬಿತ್ತು ಅನ್ನಿ."

"ಹ್ಞೂಂ, ಕನಸು ಬಿತ್ತು."

ಹೀಗೆ ಇಡೀ ಕಥೆಯನ್ನು ಅಮ್ಮನೇ ಹೇಳಿದಳು, ಅಪ್ಪ ಹ್ಞೂಂಗುಟ್ಟಿದರು. ಮಂಗಳಾರತಿಗೆ ಒಂದು ನಿಮಿಷ ಉಳಿದಿತ್ತು. ಆ ಒಂದು ನಿಮಿಷ ಬಹುಶಃ ನಾನು ಸೇರಿಸಿದ್ದು.

ಶನಿವಾರ ಸೀರೆ ಬಿಚ್ಚಿದಾಗ ನೆರಿಗೆಯೊಳಗಿಂದ ಕನ್ನಡಕ ಟಪ್ಪನೆ ಬಿತ್ತು.

"ಲಕ್ಷ್ಮಿಗೂ ಚಾಳೀಸು ಬಂತೇನೇ?" ಎಂದರು ಅಪ್ಪ.

ಎರಡು ವರ್ಷಗಳಿಂದ "ನನ್ ಕಣ್ಣಿಗೇನಾಗಿದೆ, ಕನ್ನಡಕ ಯಾಕೆ" ಎನ್ನುತ್ತಿದ್ದ ಅಮ್ಮ ಸೀರೆ ಮಡಚತೊಡಗಿದಳು. "ಪಿನ್ ಚುಚ್ಚೋವಾಗ ಒಂದ್ ನಿಮಿಷ ಹಾಕ್ಕೊಂಡಿದ್ದೆ ಅಷ್ಟೇ."

ಹೇಳುತ್ತಾ ಅವಳು ನಕ್ಕಳು ಎಂದು ನನ್ನ ನೆನಪು. ಇಲ್ಲ, ಸಿಡುಕಿದಳು ಎನ್ನುತ್ತಾಳೆ ಅಕ್ಕ. ಸಾಕ್ಷಿಗೆಂದು ಫೋನಿನಲ್ಲಿ ಆ ಹಬ್ಬದ ಫೋಟೋಗಳನ್ನೆಲ್ಲ ಹುಡುಕಿದೆ. ನಗುವಿಗೆ ಸಾಕ್ಷಿ ಸಿಗಲಿಲ್ಲ. ಶುಕ್ರವಾರದ ಫೋಟೋದಲ್ಲಿ ಲಕ್ಷ್ಮಿಯ ಸೊಂಟದ ಬಳಿ ಸೀರೆ ಉಬ್ಬಿರುವುದು ಮಾತ್ರ ಸ್ಪಷ್ಟವಾಗಿತ್ತು. ಆ ಇಡೀ ದಿನ ಅದು ನಮ್ಮೆಲ್ಲರ ಕಣ್ಣೆದುರೇ ಇತ್ತು.

ಈ ವರ್ಷ ಕಥೆ ಓದಿದವಳು ಅಮ್ಮ, ಹೊಸ ಕನ್ನಡಕ ಹಾಕಿಕೊಂಡು. ಸಂಕಲ್ಪ ಮಾಡಿದವಳು ಓದಬಾರದೆಂಬ ನಿಯಮ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಹತ್ತಕ್ಕೆ ಮುಂಚೆಯೇ ಮುಗಿಯಿತು. ಚಾರುಮತಿ ಒಂದೇ ಸಲ ಸ್ನಾನ ಮಾಡಿದಳು.