ನಮ್ಮನೆ ಅಕ್ಷರ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಒಂದು ಪಾಠ ಅಂದರೆ ಬಲು ಇಷ್ಟ. ಒಂದೇ ಅಕ್ಷರ ಹೇಗೆ ಇಡೀ ಮಾತಾಗುತ್ತದೆ ಅನ್ನುವುದು. ಬಾ, ತಾ, ಕೈ, ಮೈ. ಸಂಸ್ಕೃತದಲ್ಲಿ ‘ಖ’ ಅಂದರೆ ಆಕಾಶ. ಇಂಗ್ಲಿಷಿನವರಿಗೆ ‘ನಾನು’ ಅನ್ನುವುದಕ್ಕೆ ನೆಟ್ಟಗೆ ನಿಂತ ಒಂದು ಗೀಟು ಸಾಕು. ಇದನ್ನು ಹೇಳುವಾಗ ನನ್ನ ದನಿ ತಾನಾಗಿ ದಪ್ಪವಾಗುತ್ತದೆ. ಮಕ್ಕಳು ಕಿಟಕಿ ನೋಡುತ್ತಾರೆ.

ಆ ಪಾಠ ನನಗೇ ತಿಳಿದದ್ದು ಹೋದ ವರ್ಷ, ಹಾಸನದ ಒಂದು ಕಣ್ಣಾಸ್ಪತ್ರೆಯಲ್ಲಿ, ನನ್ನ ಸೋದರತ್ತೆಯ ಪಕ್ಕ ನಿಂತಿದ್ದಾಗ.

ಅತ್ತೆಯ ಬಲಗಣ್ಣು ಬಹಳ ಹಿಂದೆಯೇ ಕಬ್ಬಿನ ಗರಿ ಚುಚ್ಚಿ ಹೋಗಿತ್ತು. ಉಳಿದ ಒಂದು ಕಣ್ಣಿಗೂ ಪೊರೆ ಬಂದು, ಆಪರೇಷನ್ ಆಗಿ ತಿಂಗಳಾಗಿತ್ತು. ದೃಷ್ಟಿ ಎಷ್ಟು ಮರಳಿದೆ ಅಂತ ಅವತ್ತು ನೋಡಿ ಹೇಳುತ್ತೇವೆ ಅಂದಿದ್ದರು ಡಾಕ್ಟರು. “ಚೆಂದಾಗ್ ಕಾಣ್ತದೆ ಕಣ್ಲಾ” ಅಂತ ಅತ್ತೆ ಹೇಳುತ್ತಲೇ ಇದ್ದಳು. ಆದರೆ ಕಾಲಿನ ಮೂಳೆ ಮುರಿದಾಗಲೂ ಚೆಂದಾಗಿದೀನಿ ಅಂದವಳು ಅವಳು. ನಾನೋ, ಬಸ್ಸಿನಲ್ಲಿ ಬರುವಾಗಲೇ ಅಡುಗೆಮನೆಯಿಂದ ಬಚ್ಚಲಿಗೆ ಹಗ್ಗ ಕಟ್ಟಿ, ಅವಳನ್ನು ಹಿಡಿದು ನಡೆಸುವವರನ್ನು ಗೊತ್ತುಮಾಡಿ ಮುಗಿಸಿದ್ದೆ, ಮನಸ್ಸಿನಲ್ಲಿ.

ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ, ಯಾರೂ ಕೇಳದಿದ್ದರೂ, “ನಾನು ಕನ್ನಡ ಮೇಷ್ಟ್ರು” ಅಂತ ಹೇಳಿಕೊಂಡೆ. ಹೌದಾ ಸಾರ್ ಅಂತ ಆಕೆ ಕನ್ನಡ ಅಕ್ಷರಗಳ ಚಾರ್ಟಿಗೇ ಲೈಟು ಹಾಕಿದಳು.

“ಅಜ್ಜಿ, ಮೇಲಿಂದು ಓದಿ.”

ಅತ್ತೆ ಚಾರ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಕಾಣ್ತಿಲ್ವಾ? ದೊಡ್ಡದಿದೆಯಲ್ಲ.”

ಅತ್ತೆ ಇಲ್ಲ ಅಂತ ತಲೆಯಾಡಿಸಿದಳು. ಹುಡುಗಿ ಚೀಟಿಯಲ್ಲಿ ಏನೋ ಬರೆದುಕೊಂಡಳು. ಅಂಗೈಯಷ್ಟು ಅಕ್ಷರವೂ ಕಾಣದಿದ್ದರೆ ಇನ್ನೇನು ಕಂಡೀತು. ಅತ್ತೆಗೆ ಓದು ಬರುವುದಿಲ್ಲ ಅನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತು ವರ್ಷದಿಂದ ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವನು ನಾನು.

ಅತ್ತೆ ಮೆಲ್ಲಗೆ ನನ್ನ ಅಂಗಿಯ ತೋಳು ಜಗ್ಗಿದಳು.

“ಲೇ, ಕೆಳ್ಗಿಂದ ಎಲ್ಡನೇ ಸಾಲ್ನಾಗೆ, ಕೊನೇಗೆ, ನಮ್ಮನೇದು ಐತೆ. ಇವರಿಗ್ಯಾರ್ಲಾ ಕೊಟ್ಟೋರು?”

ನಾನು ಕನ್ನಡಕ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಹೋದೆ. ಕಡಲೆಬೀಜಕ್ಕಿಂತ ಚಿಕ್ಕ ಅಕ್ಷರಗಳು. ಕೊನೆಯದು ‘ದ’.

ನಮ್ಮೂರು ಮಲ್ಲಿಪಟ್ಟಣದ ಹತ್ತಿರ. ಅಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಊರಿನ ಪಾತ್ರೆಗಳೆಲ್ಲ ಒಂದೇ ಒಲೆಗೆ ಹೋಗುತ್ತವೆ. ಅದಲುಬದಲಾಗದಿರಲಿ ಅಂತ ಒಂದೊಂದು ಮನೆಗೂ ಒಂದೊಂದು ಅಕ್ಷರ. ಅರಕಲಗೂಡಿನ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಕೊಡುತ್ತಿದ್ದ. ನಮ್ಮದು ದೊಡ್ಡಮನೆ, ಅದಕ್ಕೆ ‘ದ’. ಮದುವೆಯ ಮಾರನೇ ದಿನ ಬೋರಿನ ಹತ್ತಿರ ರಾಶಿ ಬಿದ್ದ ಕೊಳಗ, ತಪ್ಪಲೆ, ಚೊಂಬುಗಳಲ್ಲಿ ಅತ್ತೆ ಹೆಬ್ಬೆರಳಾಡಿಸಿ ನಮ್ಮವನ್ನೆಲ್ಲ ಆರಿಸಿ ಎತ್ತಿಡುತ್ತಿದ್ದಳು. ಪೊರೆ ಬಂದಮೇಲೂ ಒಂದೂ ತಪ್ಪಿರಲಿಲ್ಲ. ಅವಳಿಗೆ ಅದು ಶಬ್ದವಲ್ಲ. ಅಪ್ಪ, ಅಣ್ಣಂದಿರು, ಹಿತ್ತಲು, ಹಟ್ಟಿ, ಎಲ್ಲ ಸೇರಿ ಆ ಒಂದು ಗುರುತು.

“ಮೊದ್ಲೇ ಓದಕ್ ಬರಲ್ಲ ಅನ್ನಬಾರದಾ ಅತ್ತೆ?” ಅಂದೆ.

“ಮೇಷ್ಟ್ರು ಅಂತ ಏಳ್ಕಂಡೆಲ್ಲಪ್ಪ. ಮೇಷ್ಟ್ರತ್ತೆಗೇ ಬರಾಕಿಲ್ಲ ಅಂದ್ರೆ ನಿನ್ ಮರ್ವಾದೆ ಓಗಕ್ಕಿಲ್ವಾ?”

ಹುಡುಗಿ ನಗು ತಡೆದುಕೊಂಡು ಬರೆದದ್ದನ್ನು ಹೊಡೆದುಹಾಕಿ, ಇನ್ನೊಂದು ಚಾರ್ಟು ತೆಗೆದಳು. ಅದರಲ್ಲಿ ಇಂಗ್ಲಿಷಿನ ‘ಇ’ ಒಂದೇ, ನಾಲ್ಕು ದಿಕ್ಕಿಗೂ ಕಾಲು ಚಾಚಿಕೊಂಡು. ಯಾವ ಭಾಷೆಯವರಿಗೂ ಸಲ್ಲುತ್ತದಂತೆ, ಓದು ಬರದವರಿಗೂ. ಅತ್ತೆ ಅದನ್ನು ನೋಡಿ, “ಬಾಚಣಿಗೆ” ಅಂದಳು. ಹಲ್ಲು ಯಾವ ಕಡೆಗಿದೆ ಅಂತ ಕೈ ತೋರಿಸುತ್ತಾ ಮೇಲೆ, ಕೆಳಗೆ, ಎಡಕ್ಕೆ ಅಂತ ಎಲ್ಲ ಸಾಲೂ ಇಳಿದುಬಿಟ್ಟಳು. ಕೊನೆಯ ಸಾಲಿನಲ್ಲಿ ಮಾತ್ರ ತಡವರಿಸಿದಳು. ಅದು ನನಗೂ ಕಾಣಲಿಲ್ಲ. ಹಗ್ಗ ಕಟ್ಟುವ ಯೋಚನೆ ಬಿಟ್ಟೆ.

ಅರಕಲಗೂಡಿನ ಬಸ್ಸಿನಲ್ಲಿ ಅವಳನ್ನು ಕಿಟಕಿಗೆ ಕೂರಿಸಿದೆ. ಅವಳಿಗೆ ‘ದ’ ಅಂತ ಅದರ ಹೆಸರು ಹೇಳಿಕೊಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಗಾಜಿಗೆ ಹಣೆ ಒತ್ತಿ, “ಅಲ್ಲೊಂದು ಐತೆ” ಅಂದಳು. ದರ್ಶಿನಿ ಹೋಟೆಲ್ಲಿನ ಬೋರ್ಡು. “ಆ ಗ್ವಾಡೆ ಮ್ಯಾಲೂ.” ‘ದಯವಿಟ್ಟು ಇಲ್ಲಿ ಗಾಡಿ ನಿಲ್ಲಿಸಬೇಡಿ’ ಅಂತ ಬರೆದಿತ್ತು.

“ಊರೆಲ್ಲ ನಮ್ಮೋರೇ ಅವ್ರೆ ಕಣ್ಲಾ” ಅಂದಳು, ಬಹಳ ಮೆತ್ತಗೆ.

ನಾನು ಬಾಯಿ ಮುಚ್ಚಿಕೊಂಡೆ. ಬಸ್ಸು ಪೇಟೆ ದಾಟುವವರೆಗೂ ಇಬ್ಬರೂ ಒಂದೇ ಕಿಟಕಿಯಲ್ಲಿ ನಮ್ಮ ಮನೆಯನ್ನು ಹುಡುಕುತ್ತಾ ಕೂತಿದ್ದೆವು. ನನಗಿಂತ ಮೊದಲು ಅವಳಿಗೇ ಕಾಣುತ್ತಿತ್ತು.